ತೆಲಂಗಾಣದವರಿಗೆ ರಾಜ್ಯ, ನಮಗೆ ಸರ್ಟಿಫಿಕೇಟ್: ನಿಜಾಮನ ಮನೆ ಮೂರು ಪಾಲಾದ ಕತೆ

ಸೆಪ್ಟೆಂಬರ್ 17ರಂದು ಯಾದಗಿರಿಯಲ್ಲಿ ಧ್ವಜಾರೋಹಣದ ಸುದ್ದಿ ಮುಗಿಸಿ, ಫೋಟೊ ಕಳಿಸಿ, ಚಾದಂಗಡಿಗೆ ಬಂದು ಕೂತಿದ್ದೆ. ಭಾಷಣದಲ್ಲಿ 371ಜೆ ಅನ್ನೋ ಮಾತು ಏಳೆಂಟು ಸಲ ಬಂದಿತ್ತು. ಪಕ್ಕದ ಬೆಂಚಿನಲ್ಲಿ ಗುರುಮಠಕಲ್ ಕಡೆಯ ಹಿರಿಯರೊಬ್ಬರು ಕೂತಿದ್ದರು. ಮೊಮ್ಮಗಳ 371ಜೆ ಸರ್ಟಿಫಿಕೇಟ್ ಕೆಲಸಕ್ಕೆ ಬಂದವರು. ಕಚೇರಿಗೆ ರಜೆ ಅಂತ ಅವರಿಗೆ ಗೊತ್ತಿರಲಿಲ್ಲ.

"ತಮ್ಮಾ, ನಮ್ಮೂರಿನಿಂದ ತೆಲಂಗಾಣದ ಗಡಿ ನಡಕೊಂಡು ಹೋಗೋವಷ್ಟು ದೂರ. ಇಬ್ಬರೂ ಒಬ್ಬನೇ ನಿಜಾಮನ ಕೈಯಾಗ ಇದ್ದವ್ರು. ಅವ್ರು ಪಾರ್ಟಿ ಕಟ್ಟಿ ರಾಜ್ಯಾನೇ ತಗೊಂಡ್ರು. ನಾವು ಸರ್ಟಿಫಿಕೇಟ್ ತಗೊಂಡ್ವಿ. ಹಿಂಗ್ಯಾಕ?"

ನಗುತ್ತ ಕೇಳಿದರು. ನನಗೆ ಉತ್ತರ ಬರಲಿಲ್ಲ. ಹತ್ತು ವರ್ಷದಿಂದ ಈ ಜಿಲ್ಲೆಯ ಸುದ್ದಿ ಬರೆಯುವವನಿಗೆ ಬರಬೇಕಿತ್ತು. ಆಮೇಲೆ ಕೂತು ಓದಿದ್ದು, ಕೇಳಿದ್ದು, ಯೋಚಿಸಿದ್ದು ಎಲ್ಲ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಇದೆ, ಪುರುಸೊತ್ತಿದ್ದಾಗ ಓದಿ.

ಮೊದಲು ಸುರಪುರದಿಂದ ಶುರು ಮಾಡಬೇಕು. ಯಾಕೆಂದರೆ ನಮ್ಮ ಮಂದಿಗೆ ಸ್ವಂತ ಆಡಳಿತದ ಆಸೆ ಇರಲಿಲ್ಲ, ಹೇಳಿದಂತೆ ಕೇಳಿಕೊಂಡು ಇರುವವರು ಅಂತ ಯಾರಾದರೂ ಹೇಳಿದರೆ ಅದು ಸುಳ್ಳು.

ಸುರಪುರದ ನಾಯಕರು ಬೇಡರ ದೊರೆಗಳು. ದಿಲ್ಲಿಯ ಬಾದಶಹಾ ಔರಂಗಜೇಬ ತಾನೇ ಖುದ್ದಾಗಿ ಬಂದು ನಿಂತು ನಡೆಸಿದ ಕಡೆಯ ದೊಡ್ಡ ಮುತ್ತಿಗೆ ಯಾವುದು ಗೊತ್ತೇ? ನಮ್ಮ ಸುರಪುರ ತಾಲೂಕಿನ ವಾಗಿನಗೇರಾ ಕೋಟೆಯದು. 1705ರಲ್ಲಿ. ಆಗ ಅವನಿಗೆ ಎಂಬತ್ತು ದಾಟಿತ್ತು. ಎದುರಿಗಿದ್ದವನು ಪಿಡ್ಡನಾಯಕ. ತಿಂಗಳುಗಟ್ಟಲೆ ಕಾದಾಡಿ ಕೋಟೆಯನ್ನೇನೋ ಹಿಡಿದ, ನಾಯಕ ಮಾತ್ರ ಕೈಗೆ ಸಿಗಲಿಲ್ಲ. ಅದೇ ದಂಡಯಾತ್ರೆಯಲ್ಲಿ ಬಾದಶಹಾ ದೇವಾಪುರದ ಬಿಡಾರದಲ್ಲಿ ಕಾಯಿಲೆ ಬಿದ್ದ. ಮುಂದೆ ಎರಡೇ ವರ್ಷಕ್ಕೆ ತೀರಿಕೊಂಡ. ಹುಣಸಗಿ, ದೇವಾಪುರದ ದಾರಿಯಲ್ಲಿ ಬಸ್ಸಿನಲ್ಲಿ ಹೋಗುವಾಗ ಕಿಟಕಿಯ ಹೊರಗೆ ಕಾಣುವ ಗುಡ್ಡಗಳಲ್ಲಿ ಇಷ್ಟೆಲ್ಲ ನಡೆದಿದೆ.

ಆಮೇಲೆ ಸುರಪುರ ಸಂಸ್ಥಾನ ನಿಜಾಮನಿಗೆ ಕಪ್ಪ ಕೊಡುತ್ತ, ಒಳಗಿನ ಆಡಳಿತ ತಾನೇ ನೋಡಿಕೊಳ್ಳುತ್ತ ನಡೆಯಿತು. ಈಗಿನ ಭಾಷೆಯಲ್ಲಿ ಸ್ವಾಯತ್ತತೆ ಅನ್ನುತ್ತೇವಲ್ಲ, ಅದು ಇದೇ: ಮೇಲೊಬ್ಬ ದೊಡ್ಡವನಿದ್ದರೂ ಮನೆ ಲೆಕ್ಕ ನಾವೇ ನೋಡಿಕೊಳ್ಳುವುದು. 1841ರಲ್ಲಿ ಮೆಡೋಸ್ ಟೇಲರ್ ಬಂದ. ದೊರೆ ಕೃಷ್ಣಪ್ಪ ನಾಯಕರ ಮಗ ವೆಂಕಟಪ್ಪ ನಾಯಕ ಇನ್ನೂ ಹುಡುಗ. ಟೇಲರ್ ಹನ್ನೆರಡು ವರ್ಷ ಇಲ್ಲಿದ್ದು ಸಂಸ್ಥಾನ ನೋಡಿಕೊಂಡ. ಹುಡುಗ ಅವನನ್ನು ಅಪ್ಪಾ ಎಂದೇ ಕರೆಯುತ್ತಿದ್ದನಂತೆ. ಸುರಪುರದ ಗುಡ್ಡದ ಮೇಲೆ ಅವನು ಕಟ್ಟಿಸಿದ ಬಂಗಲೆ, ಟೇಲರ್ ಮಂಜಿಲ್, ಇವತ್ತಿಗೂ ಇದೆ.

ಹುಡುಗ ದೊಡ್ಡವನಾಗಿ ದೊರೆಯಾದ. 1858ರ ಫೆಬ್ರವರಿಯಲ್ಲಿ ಬ್ರಿಟಿಷರ ವಿರುದ್ಧ ನಿಂತ, ಸೋತ, ಹೈದರಾಬಾದಿನಲ್ಲಿ ಸಿಕ್ಕಿಬಿದ್ದ. ಮರಣದಂಡನೆ ತಗ್ಗಿ ಕೊನೆಗೆ ನಾಲ್ಕು ವರ್ಷದ ಸೆರೆವಾಸವಾಯಿತು. ಚೆಂಗಲ್ಪಟ್ಟಿನ ಕೋಟೆಗೆ ಒಯ್ಯುವ ದಾರಿಯಲ್ಲಿ ಗುಂಡೇಟಿನಿಂದ ಸತ್ತ. ಇದು ನಮ್ಮಲ್ಲಿ ಎಲ್ಲರಿಗೂ ಗೊತ್ತು, ನಾಟಕಗಳಲ್ಲಿ ನೋಡಿದ್ದೇವೆ. ಅದರ ಮುಂದಿನ ಭಾಗದ ಬಗ್ಗೆ ಹೆಚ್ಚು ಮಂದಿ ಮಾತಾಡುವುದಿಲ್ಲ. 1860ರಲ್ಲಿ ಬ್ರಿಟಿಷರು ಇಡೀ ಸುರಪುರವನ್ನು ನಿಜಾಮನಿಗೆ ಬರೆದುಕೊಟ್ಟರು. ದಂಗೆಯ ಹೊತ್ತಿನಲ್ಲಿ ತಮ್ಮ ಕಡೆ ನಿಂತದ್ದಕ್ಕೆ ಇನಾಮು. ಸುರಪುರದ ಮಂದಿಯನ್ನು ಯಾರೂ ಒಂದು ಮಾತು ಕೇಳಲಿಲ್ಲ.

ಇನ್ನು ಮುಂದಿನ ಎಂಬತ್ತೆಂಟು ವರ್ಷ ನಿಜಾಮನ ಕಾಲ. ಕಚೇರಿ ಭಾಷೆ ಉರ್ದು ಆಯಿತು. ನಮ್ಮ ತಾತಂದಿರ ಹೊಲದ ಪಹಣಿ ಉರ್ದುವಿನಲ್ಲಿ ಇರುವುದನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರುತ್ತೀರಿ. ಆದರೆ ನಿಜಾಮನ ಕಾಲದ ಒಂದು ನಿಯಮ ಮಾತ್ರ ನಮ್ಮ ಕತೆಗೆ ಬಹಳ ಮುಖ್ಯ: ಮುಲ್ಕಿ ನಿಯಮ. 1919ರ ಫರ್ಮಾನು. ಸಂಸ್ಥಾನದ ನೌಕರಿ ಸಂಸ್ಥಾನದವರಿಗೇ, ಅಂದರೆ ಮುಲ್ಕಿಗಳಿಗೇ. ಹೊರಗಿನವನು ಹದಿನೈದು ವರ್ಷ ಇಲ್ಲಿ ಇದ್ದಿದ್ದರೆ ಮಾತ್ರ ಅವನೂ ಮುಲ್ಕಿ. ತೆಲುಗರು, ಮರಾಠಿಗರು, ಕನ್ನಡಿಗರು, ಮೂವರಿಗೂ ಒಂದೇ ನಿಯಮ. ಈಗಿನ 371ಜೆ ಮೀಸಲಾತಿಯ ಮುತ್ತಜ್ಜ ಅಂತ ಬೇಕಾದರೆ ಅನ್ನಿ.

1948ರ ಸೆಪ್ಟೆಂಬರ್ 17ರಂದು ಹೈದರಾಬಾದ್ ಭಾರತಕ್ಕೆ ಸೇರಿತು. ದೇಶಕ್ಕೆ ಸ್ವಾತಂತ್ರ್ಯ ಬಂದು ಹದಿಮೂರು ತಿಂಗಳಾಗಿತ್ತು. 1956ರ ನವೆಂಬರ್ 1ಕ್ಕೆ ಆ ದೊಡ್ಡ ಮನೆ ಭಾಷೆಯ ಮೇಲೆ ಮೂರು ಪಾಲಾಯಿತು. ತೆಲಂಗಾಣ ಆಂಧ್ರಕ್ಕೆ. ಮರಾಠವಾಡ ಮುಂಬಯಿ ರಾಜ್ಯಕ್ಕೆ. ಬೀದರ್, ಗುಲ್ಬರ್ಗಾ, ರಾಯಚೂರು ಮೈಸೂರಿಗೆ. ಯಾದಗಿರಿ, ಶಹಾಪುರ, ಸುರಪುರ ಆಗ ಗುಲ್ಬರ್ಗಾ ಜಿಲ್ಲೆಯ ತಾಲೂಕುಗಳು.

ಪಾಲು ಆಗುವಾಗ ಅಣ್ಣತಮ್ಮಂದಿರು ಏನೇನು ಕೇಳಿ ಬರೆಸಿಕೊಂಡರು ನೋಡಿ.

ತೆಲಂಗಾಣದ ಮುಖಂಡರು ಸುಮ್ಮನೆ ಹೋಗಲಿಲ್ಲ. 1956ರ ಫೆಬ್ರವರಿ 20ರಂದು ದಿಲ್ಲಿಯಲ್ಲಿ ಆಂಧ್ರದ ಮುಖಂಡರನ್ನು ಕೂರಿಸಿ ಒಪ್ಪಂದ ಮಾಡಿಕೊಂಡರು. ಅದಕ್ಕೆ 'ಸಭ್ಯಸ್ಥರ ಒಪ್ಪಂದ' ಅಂತ ಹೆಸರು. ನೌಕರಿ, ಖರ್ಚುವೆಚ್ಚ, ಮಂತ್ರಿಗಿರಿ ಎಲ್ಲದರಲ್ಲೂ ತಮ್ಮ ಪಾಲು ಇಂತಿಷ್ಟು ಅಂತ ಬರೆಸಿದರು. ಅದೇ ವರ್ಷ ಸಂವಿಧಾನದ 7ನೇ ತಿದ್ದುಪಡಿಯಲ್ಲಿ 371ನೇ ಕಲಂ ಹೊಸ ರೂಪದಲ್ಲಿ ಬಂತು. ಅದರಲ್ಲಿ ಆಂಧ್ರದ ವಿಧಾನಸಭೆಗೆ ಪ್ರಾದೇಶಿಕ ಸಮಿತಿ ಮಾಡಲು ಅವಕಾಶ ಇತ್ತು, ಅದು ತೆಲಂಗಾಣಕ್ಕಾಗಿ. ಅದೇ ಕಲಮಿನಲ್ಲಿ ಮರಾಠವಾಡ, ವಿದರ್ಭಗಳಿಗೆ ಪ್ರತ್ಯೇಕ ಅಭಿವೃದ್ಧಿ ಮಂಡಳಿ ಮಾಡಲು ಅವಕಾಶ ಇತ್ತು.

ಅಂದರೆ ನಿಜಾಮನ ಮನೆಯ ಮೂರು ಪಾಲಿನಲ್ಲಿ ಎರಡಕ್ಕೆ 1956ರಲ್ಲೇ ಸಂವಿಧಾನದಲ್ಲಿ ಜಾಗ ಸಿಕ್ಕಿತು. ಮೂರನೆಯದಕ್ಕೆ, ನಮಗೆ, ಒಂದು ಸಾಲೂ ಇರಲಿಲ್ಲ. ನಮಗೆ ಜಾಗ ಸಿಕ್ಕಿದ್ದು 2013ರಲ್ಲಿ. ನಡುವೆ ಐವತ್ತೇಳು ವರ್ಷ.

ಇಷ್ಟಕ್ಕೇ ನಿಲ್ಲಲಿಲ್ಲ. 1957ರಲ್ಲಿ ಸಂಸತ್ತು, ಸರ್ಕಾರಿ ನೌಕರಿಗೆ 'ಇಲ್ಲೇ ವಾಸ ಇದ್ದಿರಬೇಕು' ಎಂಬ ಷರತ್ತುಗಳನ್ನು ದೇಶದಲ್ಲೆಲ್ಲ ತೆಗೆದುಹಾಕುವ ಕಾಯ್ದೆ ಮಾಡಿತು. ನಾಲ್ಕು ಕಡೆ ವಿನಾಯಿತಿ ಕೊಟ್ಟಿತು: ಹಿಮಾಚಲ, ಮಣಿಪುರ, ತ್ರಿಪುರಾ ಮತ್ತು ತೆಲಂಗಾಣ. ಹಾಗಾಗಿ ತೆಲಂಗಾಣದವರ ಮುಲ್ಕಿ ಹಕ್ಕು ಉಳಿಯಿತು. ನಮ್ಮದು ಹೋಯಿತು. ಹೋದದ್ದು ಅಂತ ಗೊತ್ತಾಗಲೂ ನಮಗೆ ಎಷ್ಟೋ ಕಾಲ ಬೇಕಾಯಿತು.

ನಮ್ಮ ಹಿರಿಯರು ಯಾಕೆ ಏನೂ ಬರೆಸಿಕೊಳ್ಳಲಿಲ್ಲ? ಅವರನ್ನು ಬೈಯಲು ನನಗೆ ಮನಸ್ಸಿಲ್ಲ. ಕನ್ನಡ ನಾಡು ಒಂದಾಗಬೇಕು ಅನ್ನೋದು ಅವರಿಗೆ ಹಬ್ಬದಂಥ ಮಾತು. ಉರ್ದು ಕಚೇರಿಗಳಲ್ಲಿ ಬಾಯಿ ಕಟ್ಟಿ ನಿಂತವರು ಕನ್ನಡದ ಮನೆಗೆ ಹೋಗುತ್ತಿದ್ದೇವೆ ಎಂದು ಹಿಗ್ಗಿದ್ದರು. ಸ್ವಂತ ಮನೆಗೆ ಹೋಗುವವನು ಬಾಗಿಲಲ್ಲಿ ನಿಂತು ಕರಾರು ಪತ್ರ ಕೇಳುತ್ತಾನೆಯೇ? ತೆಲಂಗಾಣದವರಿಗೂ ಆಂಧ್ರದವರಿಗೂ ಭಾಷೆ ಒಂದೇ ಇತ್ತಲ್ಲ, ಅವರು ಕೇಳಿದರು ಅಂತ ನೀವು ಅನ್ನಬಹುದು. ನಿಜ. ಆದರೆ ಅವರ ಕೈಯಲ್ಲಿ ಹೈದರಾಬಾದ್ ನಗರ ಇತ್ತು, ಉಸ್ಮಾನಿಯಾ ವಿಶ್ವವಿದ್ಯಾಲಯ ಇತ್ತು, ಓದಿದ ಹುಡುಗರ ದೊಡ್ಡ ದಂಡೇ ಇತ್ತು. ನಮ್ಮಲ್ಲಿ ಗುಲ್ಬರ್ಗಾ ವಿಶ್ವವಿದ್ಯಾಲಯ ಆದದ್ದೇ 1980ರಲ್ಲಿ.

ಆ ಹುಡುಗರೇ 1969ರಲ್ಲಿ ಬೀದಿಗೆ ಬಂದರು. ನಮಗೆ ಬರೆದುಕೊಟ್ಟ ನೌಕರಿ ಆಂಧ್ರದವರ ಪಾಲಾಗುತ್ತಿದೆ ಅಂತ. ಅದರಿಂದ ಹುಟ್ಟಿದ್ದು ತೆಲಂಗಾಣ ಪ್ರಜಾ ಸಮಿತಿ. 1971ರ ಲೋಕಸಭೆ ಚುನಾವಣೆಯಲ್ಲಿ, ಇಂದಿರಾ ಗಾಂಧಿ ಅಲೆ ಜೋರಾಗಿದ್ದಾಗಲೇ, ಆ ಪಕ್ಷ ತೆಲಂಗಾಣದಲ್ಲಿ 10 ಸೀಟು ಗೆದ್ದಿತು. ಅದೇ ವರ್ಷ ಅದರ ನಾಯಕ ಚೆನ್ನಾರೆಡ್ಡಿ ಪಕ್ಷವನ್ನು ಕಾಂಗ್ರೆಸ್ಸಿನಲ್ಲಿ ವಿಲೀನ ಮಾಡಿದರು, ಮುಂದೆ ಮುಖ್ಯಮಂತ್ರಿಯೂ ಆದರು. ಪಕ್ಷ ಸತ್ತಿತು. ಆದರೆ ಸಾಯುವ ಮುಂಚೆ ಹುಟ್ಟಿಸಿದ ಹೆದರಿಕೆ ಉಳಿಯಿತು. 1973ರ 32ನೇ ತಿದ್ದುಪಡಿಯಲ್ಲಿ ಆಂಧ್ರಕ್ಕೆ 371ಡಿ ಕಲಂ ಬಂತು. ಸ್ಥಳೀಯರಿಗೆ ನೌಕರಿ, ಸೀಟು ಕಾಯ್ದಿಡುವ ಕಲಂ. 2001ರಲ್ಲಿ ಮತ್ತೊಂದು ಪಕ್ಷ, ಕೆ. ಚಂದ್ರಶೇಖರ ರಾವ್ ಅವರ ಟಿಆರ್‌ಎಸ್. 2014ರ ಜೂನ್ 2ಕ್ಕೆ ರಾಜ್ಯ.

ನಮ್ಮಲ್ಲಿ ಮುಂದೆ 'ನಮಗೂ 371 ಬೇಕು' ಅಂತ ಕೂಗಿದ್ದು ಈ 371ಡಿ ನೋಡಿಯೇ. ಗಡಿ ಆಚೆ ನಾರಾಯಣಪೇಟೆಯಲ್ಲಿ ಇದ್ದದ್ದು ಗಡಿ ಈಚೆ ಸೈದಾಪುರದಲ್ಲಿ ಯಾಕಿಲ್ಲ ಅನ್ನೋ ಸರಳ ಪ್ರಶ್ನೆ.

ಕೂಗು ಎದ್ದಿತು, ಪಕ್ಷ ಏಳಲಿಲ್ಲ. ಇದಕ್ಕೆ ಕಾರಣ ಹುಡುಕುವಾಗ ನನಗೆ ಎಲ್ಲಕ್ಕಿಂತ ಮೊದಲು ಕಂಡದ್ದು ಸೀದಾ ಲೆಕ್ಕ. ಒಂದಾಗಿದ್ದ ಆಂಧ್ರದ 294 ವಿಧಾನಸಭೆ ಸೀಟುಗಳಲ್ಲಿ ತೆಲಂಗಾಣದ್ದು 119. ಲೋಕಸಭೆಯ 42ರಲ್ಲಿ 17. ಅಷ್ಟು ಸೀಟು ಹಿಡಿದವನು ಹೈದರಾಬಾದನ್ನೂ ದಿಲ್ಲಿಯನ್ನೂ ಅಲ್ಲಾಡಿಸಬಲ್ಲ. ನಮ್ಮದು? ಬಳ್ಳಾರಿ, ವಿಜಯನಗರ ಸೇರಿಸಿ ಏಳು ಜಿಲ್ಲೆಗಳಿಂದ 224ರಲ್ಲಿ 41. ಲೋಕಸಭೆಗೆ 28ರಲ್ಲಿ 5. ಯಾದಗಿರಿ ಜಿಲ್ಲೆಗಂತೂ ತನ್ನದೇ ಎಂಪಿ ಇಲ್ಲ. ಯಾದಗಿರಿ, ಶಹಾಪುರ, ಸುರಪುರ ಕ್ಷೇತ್ರಗಳು ರಾಯಚೂರಿಗೆ ಓಟು ಹಾಕುತ್ತವೆ, ಗುರುಮಠಕಲ್ ಕಲಬುರಗಿಗೆ.

ಇನ್ನೊಂದು ಕಾರಣ ಹೇಳಿದರೆ ಕೆಲವರಿಗೆ ಸಿಟ್ಟು ಬರಬಹುದು. ನಮ್ಮ ದೊಡ್ಡ ನಾಯಕರಿಗೆ ದೊಡ್ಡ ಪಕ್ಷಗಳಲ್ಲೇ ದೊಡ್ಡ ಕುರ್ಚಿ ಸಿಕ್ಕಿತು. ಚಿಂಚೋಳಿ ಕಡೆಯ ವೀರೇಂದ್ರ ಪಾಟೀಲರು ಎರಡು ಸಲ ಮುಖ್ಯಮಂತ್ರಿಯಾದರು. ಜೇವರ್ಗಿಯ ಧರಂಸಿಂಗ್ ಮುಖ್ಯಮಂತ್ರಿಯಾದರು. ಗುರುಮಠಕಲ್ಲಿನಿಂದ ಎಂಟು ಸಲ ಗೆದ್ದ ಮಲ್ಲಿಕಾರ್ಜುನ ಖರ್ಗೆ ಕೇಂದ್ರ ಮಂತ್ರಿ, ಈಗ ಕಾಂಗ್ರೆಸ್ಸಿನ ರಾಷ್ಟ್ರೀಯ ಅಧ್ಯಕ್ಷರು. ಒಳಗೆ ಬಾ ಅಂತ ಬಾಗಿಲು ತೆರೆದಿರುವಾಗ ಹೊರಗೆ ಬಾವುಟ ಯಾರು ಕಟ್ಟುತ್ತಾರೆ? ಇದರಿಂದ ನಮಗೆ ಲಾಭ ಆಗಲಿಲ್ಲ ಅಂತ ನಾನು ಹೇಳುತ್ತಿಲ್ಲ. 371ಜೆ ಬಂದದ್ದೇ ಆ ಒಳಗಿನ ಬಾಗಿಲಿನಿಂದ.

ಅದರ ಕತೆ ಹೀಗೆ. ಮೊದಲು ಧರಂಸಿಂಗ್ ಸಮಿತಿ, ಅದರ ಬೆನ್ನಿಗೆ 1990ರ ದಶಕದಲ್ಲಿ ಹೈದರಾಬಾದ್ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ವರದಿ ಕೊಟ್ಟಿತು. ರಾಜ್ಯದಲ್ಲಿ 39 ಅತ್ಯಂತ ಹಿಂದುಳಿದ ತಾಲೂಕು, ಅದರಲ್ಲಿ 21 ಗುಲ್ಬರ್ಗಾ ವಿಭಾಗದ್ದು. ಯಾದಗಿರಿ, ಶಹಾಪುರ, ಸುರಪುರ ಮೂರೂ ಆ ಪಟ್ಟಿಯಲ್ಲಿ. ನಮ್ಮ ಮಂದಿ ದುಡಿಯಲು ಬೆಂಗಳೂರಿಗೆ, ಮುಂಬಯಿಗೆ ಗುಳೆ ಹೋಗುವುದನ್ನು ಕಣ್ಣಾರೆ ಕಂಡವರಿಗೆ ಅದೇನೂ ಹೊಸ ಸುದ್ದಿ ಆಗಿರಲಿಲ್ಲ. ಆದರೆ ಅಂಕಿಸಂಖ್ಯೆ ಹಿಡಿದು ಮಾತಾಡಲು ಒಂದು ಪುಸ್ತಕ ಸಿಕ್ಕಿತು.

ಬೀದಿಯಲ್ಲಿ ಈ ಬೇಡಿಕೆ ಹಿಡಿದು ನಿಂತವರಲ್ಲಿ ಎದ್ದು ಕಾಣುವ ಹೆಸರು ವೈಜನಾಥ ಪಾಟೀಲರದು. ಚಿಂಚೋಳಿಯವರು, ಮಾಜಿ ಮಂತ್ರಿ, ಜನತಾ ಪರಿವಾರದಲ್ಲಿ ಬೆಳೆದವರು. ಹೈದರಾಬಾದ್ ಕರ್ನಾಟಕ ಹೋರಾಟ ಸಮಿತಿ ಕಟ್ಟಿಕೊಂಡು ವರ್ಷಗಟ್ಟಲೆ ಬಂದ್, ಧರಣಿ, ನಿಯೋಗ ಅಂತ ಓಡಾಡಿದರು. ಸಮಿತಿ ಕಟ್ಟಿದರು, ಗಮನಿಸಿ, ಪಕ್ಷವಲ್ಲ. ಎಲ್.ಕೆ. ಅಡ್ವಾಣಿ ಗೃಹ ಸಚಿವರಾಗಿದ್ದ ಕಾಲದಲ್ಲಿ ದಿಲ್ಲಿ ಈ ಬೇಡಿಕೆ ಆಗದು ಅಂದಿತು. 2010ರ ಮಾರ್ಚಿನಲ್ಲಿ, ಬಿಜೆಪಿ ಸರ್ಕಾರ ಇದ್ದಾಗಲೇ, ಕರ್ನಾಟಕದ ಎರಡೂ ಸದನಗಳು ಬೇಡಿಕೆಯ ಪರ ನಿರ್ಣಯ ಮಾಡಿದವು. ದಿಲ್ಲಿಯಲ್ಲಿ ಖರ್ಗೆ, ಧರಂಸಿಂಗ್ ಪಟ್ಟು ಹಿಡಿದರು. 2012ರ ಡಿಸೆಂಬರ್‌ನಲ್ಲಿ ಸಂಸತ್ತು 98ನೇ ತಿದ್ದುಪಡಿ ಪಾಸು ಮಾಡಿತು. 2013ರ ಅಕ್ಟೋಬರ್ 1ರಿಂದ ಜಾರಿ.

ಒಂದು ಪಕ್ಷವೂ ಇಲ್ಲದೆ, ಒಂದು ಬಸ್ಸೂ ಸುಡದೆ ಸಂವಿಧಾನ ತಿದ್ದಿಸಿಕೊಂಡೆವು ಅಂತ ಕೆಲವರು ಹೆಮ್ಮೆ ಪಡುತ್ತಾರೆ. ಬಸ್ಸಿನ ಮಾತು ನನಗೆ ಪೂರ್ತಿ ಒಪ್ಪಿಗೆ ಇಲ್ಲ, ಬಂದ್ ದಿನಗಳನ್ನು ನಾನೂ ನೋಡಿದ್ದೇನೆ. ಆದರೆ ಹೆಮ್ಮೆ ಸುಳ್ಳಲ್ಲ.

ಇದರಿಂದ ಸಿಕ್ಕಿದ್ದೇನು? ನಮ್ಮ ಭಾಗದ ಸರ್ಕಾರಿ ಹುದ್ದೆಗಳಲ್ಲಿ ಎ ಮತ್ತು ಬಿ ದರ್ಜೆಯಲ್ಲಿ ನೂರಕ್ಕೆ 75, ಸಿ ದರ್ಜೆಯಲ್ಲಿ 80, ಡಿ ದರ್ಜೆಯಲ್ಲಿ 85 ನಮ್ಮವರಿಗೆ. ರಾಜ್ಯಮಟ್ಟದ ಕಚೇರಿಗಳಲ್ಲಿ ನೂರಕ್ಕೆ 8. ಇಲ್ಲಿನ ಕಾಲೇಜುಗಳಲ್ಲಿ ನೂರಕ್ಕೆ 70 ಸೀಟು. ನನ್ನ ತಂಗಿ ನರ್ಸಿಂಗ್ ಓದಿದ್ದು ಈ ಕೋಟಾದಲ್ಲೇ. ನಾನು ಡಿಪ್ಲೊಮಾಗೆ ಸೇರುವಾಗ ಈ ಕಲಂ ಇರಲಿಲ್ಲ, ಬೇರೆ ಊರಿನ ಕಾಲೇಜಿನಲ್ಲಿ ನನ್ನ ಮಾತಿನ ಧಾಟಿ ಕೇಳಿ ನಕ್ಕವರ ನಡುವೆ ಎರಡು ವರ್ಷ ಕಳೆದೆ. ಇವತ್ತು ನಮ್ಮೂರಿನಲ್ಲಿ ಡಾಕ್ಟರು, ಎಂಜಿನಿಯರು ಆಗುತ್ತಿರುವ ಮಕ್ಕಳನ್ನು ಎಣಿಸಿದರೆ ಸರ್ಟಿಫಿಕೇಟ್ ಅಂತ ಹಗುರಾಗಿ ಮಾತಾಡಲು ನಾಲಿಗೆ ಬರುವುದಿಲ್ಲ.

ಆದರೆ ಹಿರಿಯರು ಕೇಳಿದ್ದು ಬೇರೆ ಪ್ರಶ್ನೆ. ನೌಕರಿಯಲ್ಲಿ ಪಾಲು ಬೇರೆ, ಆಡಳಿತದಲ್ಲಿ ಮಾತು ಬೇರೆ.

ಇದನ್ನು ತಿಳಿಯಲು ಒಂದು ದೂರದ ಊರಿನ ಕತೆ ಹೇಳುತ್ತೇನೆ. ಇಟಲಿ ದೇಶದ ಪಕ್ಕದಲ್ಲಿ, ಸಮುದ್ರದ ನಡುವೆ ಸಾರ್ಡೀನಿಯಾ ಎಂಬ ದ್ವೀಪ ಇದೆ. ಬೇರೆಯದೇ ಭಾಷೆ, ಕುರಿ ಕಾಯುವ ಬಡ ಮಂದಿ. ಮೊದಲನೇ ಮಹಾಯುದ್ಧದಲ್ಲಿ ಇಟಲಿಗಾಗಿ ಬಡಿದಾಡಿ ಮರಳಿದ ಅಲ್ಲಿನ ಸಿಪಾಯಿಗಳು 1921ರಲ್ಲಿ ಸಾರ್ಡೀನಿಯನ್ ಆ್ಯಕ್ಷನ್ ಪಾರ್ಟಿ ಕಟ್ಟಿದರು. ಎಮಿಲಿಯೊ ಲುಸ್ಸು ಅವರಲ್ಲೊಬ್ಬ. ಅವರು ಕೇಳಿದ್ದು ದ್ವೀಪದ ಆಡಳಿತ ದ್ವೀಪದವರಿಗೆ. ಮುಸೊಲಿನಿ ಪಕ್ಷವನ್ನು ಅಡಗಿಸಿದ. ಅವನು ಹೋದ ಮೇಲೆ, 1948ರಲ್ಲಿ, ನಮ್ಮಲ್ಲಿ ನಿಜಾಮನ ರಾಜ್ಯ ಮುಗಿದ ವರ್ಷವೇ, ಇಟಲಿ ಆ ದ್ವೀಪಕ್ಕೆ ವಿಶೇಷ ಸ್ಥಾನ ಕೊಟ್ಟಿತು. ದೇಶ ಒಡೆಯಲಿಲ್ಲ. ಆದರೆ ದ್ವೀಪಕ್ಕೆ ತನ್ನದೇ ಚುನಾಯಿತ ಸಭೆ, ತನ್ನದೇ ಅಧ್ಯಕ್ಷ. ಪಕ್ಷ ಆಮೇಲೆ ಸೋತಿದೆ, ಒಡೆದಿದೆ, ದೊಡ್ಡ ಪಕ್ಷಗಳ ಜೊತೆ ಮೈತ್ರಿ ಮಾಡಿ ಬೈಸಿಕೊಂಡಿದೆ. 1984ರಲ್ಲಿ ಒಮ್ಮೆ, 2019ರಲ್ಲಿ ಒಮ್ಮೆ ಆ ಪಕ್ಷದವರೇ ದ್ವೀಪದ ಅಧ್ಯಕ್ಷರಾಗಿದ್ದಾರೆ. ನೂರು ವರ್ಷ ದಾಟಿದರೂ ಪಕ್ಷ ಇದೆ.

ಈಗ ನಮ್ಮ 371ಜೆ ಓದಿ ನೋಡಿ. ವಿಶೇಷ ಹೊಣೆ ಯಾರಿಗೆ? ರಾಜ್ಯಪಾಲರಿಗೆ. ರಾಜ್ಯಪಾಲರನ್ನು ಕಳಿಸುವುದು ದಿಲ್ಲಿ. ಅಭಿವೃದ್ಧಿ ಮಂಡಳಿಯ ಅಧ್ಯಕ್ಷರನ್ನು ಕೂರಿಸುವುದು ಬೆಂಗಳೂರು. ಗ್ರಾಮ ಪಂಚಾಯಿತಿಗೆ ನಾವು ಓಟು ಹಾಕುತ್ತೇವೆ. ಏಳು ಜಿಲ್ಲೆಯ ಹಣ ಹಂಚುವ ಮಂಡಳಿಗೆ ಹಾಕುವುದಿಲ್ಲ. ವರ್ಷಕ್ಕೆ 5,000 ಕೋಟಿ ರೂಪಾಯಿ ಅಂತ ಸರ್ಕಾರ ಘೋಷಿಸಿದೆ. ಇಷ್ಟು ರಸ್ತೆಗೆ, ಇಷ್ಟು ಶಾಲೆಗೆ ಅಂತ ತೀರ್ಮಾನಿಸುವ ಕಡೆ ಜನರಿಂದ ನೇರವಾಗಿ ಆರಿಸಿ ಹೋದವರು ಎಂಬ ವ್ಯವಸ್ಥೆಯೇ ಇಲ್ಲ. 2024ರ ಎಸ್ಸೆಸ್ಸೆಲ್ಸಿಯಲ್ಲಿ ಯಾದಗಿರಿ ಜಿಲ್ಲೆಯ ಫಲಿತಾಂಶ ನೂರಕ್ಕೆ 50.59, ರಾಜ್ಯದಲ್ಲಿ ಕಟ್ಟಕಡೆ. ಸೀಟು ಕಾಯ್ದಿಟ್ಟರೂ ಹತ್ತನೇ ಕ್ಲಾಸು ದಾಟದವನು ಅದರಲ್ಲಿ ಹೇಗೆ ಕೂರುತ್ತಾನೆ?

ಪಕ್ಷ ಕಟ್ಟಲು ಯಾರೂ ಕೈ ಹಾಕಲೇ ಇಲ್ಲ ಅಂತಲ್ಲ. ನಮ್ಮ ಸೀಮೆಗೆ 2019ರಲ್ಲಿ ಕಲ್ಯಾಣ ಕರ್ನಾಟಕ ಅಂತ ಹೆಸರು ಬಂತಲ್ಲ, ಅದೇ ಕಲ್ಯಾಣದ ಹೆಸರಿನಲ್ಲಿ 2022ರ ಕೊನೆಗೆ ಗಾಲಿ ಜನಾರ್ದನ ರೆಡ್ಡಿ ಕಲ್ಯಾಣ ರಾಜ್ಯ ಪ್ರಗತಿ ಪಕ್ಷ ಮಾಡಿದರು. 2023ರಲ್ಲಿ ಗಂಗಾವತಿಯ ಒಂದೇ ಸೀಟು, ಅವರದೇ. 2024ರ ಮಾರ್ಚಿನಲ್ಲಿ ಬಿಜೆಪಿಯಲ್ಲಿ ವಿಲೀನ. ಅದು ಈ ಸೀಮೆಯ ಬೇಡಿಕೆಯಿಂದ ಹುಟ್ಟಿದ ಪಕ್ಷ ಅಂತ ನನಗೆ ಅನ್ನಿಸಲಿಲ್ಲ. ಒಬ್ಬರ ಟಿಕೆಟ್ಟಿನ ಜಗಳದಿಂದ ಹುಟ್ಟಿದ್ದು ಅದರ ಜೊತೆಗೇ ಮುಗಿಯಿತು.

ಪ್ರತ್ಯೇಕ ರಾಜ್ಯ ಬೇಕೇ ಅಂತ ಕೇಳಿದರೆ ನನ್ನ ಉತ್ತರ ಬೇಡ. ಕನ್ನಡದ ಮನೆ ಒಡೆಯುವ ಆಸೆ ಈ ಸೀಮೆಯಲ್ಲಿ ನನಗೆ ಹೆಚ್ಚು ಕಂಡಿಲ್ಲ. ಆದರೆ ಮನೆಯೊಳಗೆ ಒಂದು ಕೋಣೆಯ ಬೀಗದ ಕೈ ನಮ್ಮ ಕೈಯಲ್ಲಿ ಇರಲಿ ಅನ್ನುವುದು ಒಡೆಯುವ ಮಾತಲ್ಲ. 371ಜೆ ಕಲಮಿನಲ್ಲೇ ಒಂದು ಮಾತು ಇದೆ: ಮಂಡಳಿ ಏನು ಮಾಡಿತು ಎಂಬ ವರದಿಯನ್ನು ಪ್ರತಿ ವರ್ಷ ವಿಧಾನಸಭೆ ಮುಂದೆ ಇಡಬೇಕು. ನಮ್ಮ 41 ಶಾಸಕರು, ಯಾವ ಪಕ್ಷದವರೇ ಇರಲಿ, ಆ ದಿನ ಒಟ್ಟಿಗೆ ಎದ್ದು ನಿಂತು ಆ ವರದಿ ಮೇಲೆ ಮಾತಾಡಬಹುದು. ಅದಕ್ಕೆ ಹೊಸ ಪಕ್ಷ ಬೇಕಿಲ್ಲ, ತಿದ್ದುಪಡಿ ಬೇಕಿಲ್ಲ. ಮುಂದಿನ ಸಲ ಓಟು ಕೇಳಲು ಬಂದವರಿಗೆ, ಹೋದ ವರ್ಷದ ವರದಿ ಓದಿದ್ದೀರಾ ಸಾಹೇಬ್ರೆ ಅಂತ ಕೇಳಬೇಕೆಂದು ನಾನು ಬರೆದಿಟ್ಟುಕೊಂಡಿದ್ದೇನೆ.

ಮೊನ್ನೆ ಅದೇ ಹಿರಿಯರು ಬಸ್ ಸ್ಟ್ಯಾಂಡಿನಲ್ಲಿ ಮತ್ತೆ ಸಿಕ್ಕಿದರು. ಇಷ್ಟೂ ಕತೆ ಹೇಳಿದೆ. 1957ರ ಕಾಯ್ದೆಯಲ್ಲಿ ತೆಲಂಗಾಣಕ್ಕೆ ವಿನಾಯಿತಿ ಇತ್ತು, ನಮಗಿರಲಿಲ್ಲ ಅಂದಾಗ ತಲೆ ಅಲ್ಲಾಡಿಸಿದರು. "ಹಂಗಾರ ನಮ್ಮಪ್ಪಗ ಇದ್ದ ಹಕ್ಕು ನನಗ ಇರ್ಲಿಲ್ಲ, ನನ್ನ ಮೊಮ್ಮಗಳಿಗೆ ಬಂತು ಅನ್ನು" ಅಂದರು. ಹೌದು ಕಾಕಾ ಅಂದೆ. ಸರ್ಟಿಫಿಕೇಟ್ ಬಂದಿತ್ತು. ಜೇಬಿನಿಂದ ತೆಗೆದು ತೋರಿಸಿದರು, ಪ್ಲಾಸ್ಟಿಕ್ ಕವರಿನಲ್ಲಿ ನಾಲ್ಕು ಮಡಿಕೆ ಮಾಡಿ ಇಟ್ಟಿದ್ದರು. ಹೆಸರಿನಲ್ಲಿ ಒಂದಕ್ಷರ ತಪ್ಪಾಗಿತ್ತು. ತಿದ್ದಿಸಲು ಮತ್ತೆ ಕಚೇರಿಗೆ ಹೊರಟಿದ್ದರು.